ಗಂಜಿ ಕೇಂದ್ರದಲ್ಲಿ ಗಂಜಿ ಸಿಗುತ್ತೆ, ನೀರು?

ನಮ್ಮ ಹಾವೇರಿ ಕಡೆ ಹೊಳೆ ಬಂದು ಊರು ಬಿಟ್ಟವರನ್ನು ಇಳಿಸೋ ಜಾಗಕ್ಕೆ ಹಿಂದಿನಿಂದಲೂ ‘ಗಂಜಿ ಕೇಂದ್ರ’ ಅಂತಲೇ ಹೆಸರು. ಆಮೇಲೆ ಅದು ‘ಪರಿಹಾರ ಕೇಂದ್ರ’ ಆಯ್ತು, ಈಗೀಗ ಸರ್ಕಾರಿ ಕಾಗದಗಳಲ್ಲಿ ‘ಕಾಳಜಿ ಕೇಂದ್ರ’. ಜನರ ಬಾಯಲ್ಲಿ ಮಾತ್ರ ಇನ್ನೂ ಗಂಜಿ ಕೇಂದ್ರವೇ. ಮನೆ ಕಳಕೊಂಡು ಬಂದವರಿಗೆ ಮೊದಲು ಊಟ ಅನ್ನೋದು ಆ ಹೆಸರಿನಲ್ಲೇ ಇದೆ. ಅದರಲ್ಲಿ ತಪ್ಪೇನಿಲ್ಲ. ಹಸಿದವರಿಗೆ ಅನ್ನ ಹಾಕೋದನ್ನ ನಮ್ಮ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ರೊಟ್ಟಿ ಬುಟ್ಟಿ ಬರುತ್ತೆ, ಅಕ್ಕಿ ಚೀಲ ಬರುತ್ತೆ, ಮಠದಿಂದ ಅಡುಗೆಯವರು ಬರ್ತಾರೆ. ಎಷ್ಟು ಜನ ಉಂಡರು ಅನ್ನೋ ಲೆಕ್ಕ ಮರುದಿನ ಪೇಪರಿನಲ್ಲೂ ಬರುತ್ತೆ. ಆದರೆ ಅವರು ಕುಡಿದ ನೀರಿನಲ್ಲಿ ಕ್ಲೋರಿನ್ ಎಷ್ಟಿತ್ತು ಅನ್ನೋ ಲೆಕ್ಕವನ್ನ ನಾನಂತೂ ಯಾವ ಪೇಪರಿನಲ್ಲೂ ಓದಿಲ್ಲ.

ಈ ಬರಹದಲ್ಲಿ ನಾನು ಹೇಳೋದು ಆ ಒಂದು ಲೆಕ್ಕದ ಬಗ್ಗೆ.

2019ರ ಆಗಸ್ಟ್ ತಿಂಗಳು ನಿಮಗೆ ನೆನಪಿರಬಹುದು. ರಾಜ್ಯದ 22 ಜಿಲ್ಲೆಗಳ 103 ತಾಲೂಕುಗಳನ್ನು ಸರ್ಕಾರ ನೆರೆಪೀಡಿತ ಅಂತ ಘೋಷಿಸಿತು. ಸಾವಿರಕ್ಕೂ ಹೆಚ್ಚು ಪರಿಹಾರ ಕೇಂದ್ರಗಳು ತೆರೆದವು. ಹಾವೇರಿ ಜಿಲ್ಲೆಯಲ್ಲಿ ವರದಾ, ಧರ್ಮಾ, ಕುಮುದ್ವತಿ, ತುಂಗಭದ್ರಾ ಎಲ್ಲವೂ ತುಂಬಿ ಹರಿದವು. ಅದಕ್ಕೆ ಹತ್ತು ವರ್ಷ ಮೊದಲು, 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ, ಉತ್ತರ ಕರ್ನಾಟಕದ ಇನ್ನೂರಕ್ಕೂ ಹೆಚ್ಚು ಜನ ಸತ್ತ ಮಳೆ ಬಂದಿತ್ತು. ಅಂದರೆ ಊರು ಬಿಟ್ಟು ಶಾಲೆಯಲ್ಲೋ ಸಮುದಾಯ ಭವನದಲ್ಲೋ ಮಲಗೋದು ನಮ್ಮ ಕಡೆ ಜೀವಮಾನಕ್ಕೊಮ್ಮೆ ಆಗೋ ಸಂಗತಿ ಅಲ್ಲ. ಮುಂದೆಯೂ ಆಗುತ್ತೆ. ಹಾಗಿದ್ದ ಮೇಲೆ ಅದಕ್ಕೆ ತಯಾರಿ ಮಾಡಿಕೊಳ್ಳೋದು ಜಾಣತನ ಅಲ್ಲವೇ?

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಸರ್ಕಾರಿ ಶಾಲೆಗೆ 300 ಜನ ಬಂದಿದ್ದಾರೆ ಅಂತಿಟ್ಟುಕೊಳ್ಳಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಕಲಮಿನ ಪ್ರಕಾರ, ಪರಿಹಾರ ಕೇಂದ್ರದಲ್ಲಿ ಕನಿಷ್ಠ ಏನೇನಿರಬೇಕು ಅಂತ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೇಳಬೇಕು. ಅದು 2016ರ ಫೆಬ್ರವರಿಯಲ್ಲಿ ಹೇಳಿಯೂ ಇದೆ. ಕುಡಿಯೋಕೆ ಒಬ್ಬರಿಗೆ ದಿನಕ್ಕೆ ಕನಿಷ್ಠ 3 ಲೀಟರ್. ಸ್ನಾನ, ಶೌಚಕ್ಕೆ ಕನಿಷ್ಠ 15 ಲೀಟರ್. 30 ಜನಕ್ಕೆ ಒಂದು ಶೌಚಾಲಯ. ಕುಡಿಯೋ ನೀರು 500 ಮೀಟರ್ ಒಳಗೆ ಸಿಗಬೇಕು. ಸುರಕ್ಷಿತ ನೀರು ಬೇರೆ ರೀತಿಯಲ್ಲಿ ಕೊಡೋಕೆ ಆಗದಿದ್ದರೆ ಎರಡು ಸಲ ಕ್ಲೋರಿನ್ ಹಾಕಿದ ನೀರನ್ನಾದರೂ ಕೊಡಬೇಕು.

ನಮ್ಮ 300 ಜನಕ್ಕೆ ಇದನ್ನು ಗುಣಿಸಿದರೆ ಕುಡಿಯೋಕೆ 900 ಲೀಟರ್, ಉಳಿದದ್ದಕ್ಕೆ 4,500 ಲೀಟರ್, ಶೌಚಾಲಯ ಹತ್ತು. ಹತ್ತು ಶೌಚಾಲಯ ಇರೋ ಹಳ್ಳಿ ಶಾಲೆ ಎಷ್ಟಿವೆ ಹೇಳಿ? ಇಲ್ಲಿಂದಲೇ ಸಮಸ್ಯೆ ಶುರು. ಊರಲ್ಲಿ ಹತ್ತು ಓಣಿಗಳಲ್ಲಿ ಹರಡಿಕೊಂಡಿದ್ದ ಜನ ಈಗ ಒಂದೇ ಆವರಣದಲ್ಲಿದ್ದಾರೆ. ಮಕ್ಕಳಿದ್ದಾರೆ, ಮುದುಕರಿದ್ದಾರೆ, ಬಾಣಂತಿಯರಿದ್ದಾರೆ. ಹೊರಗೆ ಮಳೆ. ಕೈ ತೊಳೆಯೋಕೆ ಸೋಪಿಲ್ಲ. ಒಂದು ಮಗುವಿಗೆ ವಾಂತಿಭೇದಿ ಶುರುವಾದರೆ ಊರಿನಲ್ಲಿ ಅದು ಒಂದು ಮನೆಯ ಕಷ್ಟ, ಇಲ್ಲಿ 300 ಜನರ ಕಷ್ಟ.

ಇದು ಎಲ್ಲಿಯವರೆಗೆ ಹೋಗಬಹುದು ಅನ್ನೋದಕ್ಕೆ ಜಗತ್ತು ನೋಡಿದ ಅತಿ ಕೆಟ್ಟ ಉದಾಹರಣೆ 1994ರ ಗೋಮಾ. ಆ ಜುಲೈನಲ್ಲಿ ರುವಾಂಡಾದಿಂದ ಲಕ್ಷಾಂತರ ಜನ ಗಡಿ ದಾಟಿ ಅಲ್ಲಿಗೆ ಬಂದರು. ಕುಡಿಯೋಕೆ ಇದ್ದದ್ದು ಕೀವು ಸರೋವರದ ನೀರು. ಮೊದಲ ಒಂದೇ ತಿಂಗಳಲ್ಲಿ ಹತ್ತಿರ ಹತ್ತಿರ 50,000 ಜನ ಸತ್ತರು, ಅದರಲ್ಲಿ ಬಹುಪಾಲು ಕಾಲರಾ ಮತ್ತು ರಕ್ತಭೇದಿಯಿಂದ. ಅವರು ಯುದ್ಧದಿಂದ ತಪ್ಪಿಸಿಕೊಂಡು ಬಂದಿದ್ದರು. ನೀರಿನಿಂದ ತಪ್ಪಿಸಿಕೊಳ್ಳೋಕೆ ಆಗಲಿಲ್ಲ. ನಮ್ಮ ಶಾಲೆಯ 300 ಜನರನ್ನ ಗೋಮಾಕ್ಕೆ ಹೋಲಿಸೋಕೆ ನಾನು ಹೊರಟಿಲ್ಲ. ಆದರೆ ರೋಗಾಣು ಓಡಾಡೋ ದಾರಿ ಎರಡೂ ಕಡೆ ಒಂದೇ.

“ಅಷ್ಟೇ ತಾನೇ, ಬಾಟಲಿ ನೀರು ತರಿಸಿದರಾಯ್ತು” ಅಂತ ಯಾರಾದರೂ ಹೇಳಬಹುದು. ತರಿಸಲಿ, ಮೊದಲ ಎರಡು ದಿನಕ್ಕೆ ಅದು ಬೇಕು. ಆದರೆ 900 ಲೀಟರ್ ಅಂದರೆ ದಿನಕ್ಕೆ 900 ಬಾಟಲಿ. ನಾಲ್ಕನೇ ದಿನಕ್ಕೆ ದಾನಿಗಳ ಉತ್ಸಾಹ ಇಳಿಯುತ್ತೆ, ಖಾಲಿ ಬಾಟಲಿಗಳ ಗುಡ್ಡ ಮಾತ್ರ ಏರುತ್ತೆ. ಮತ್ತೆ, ಬಾಟಲಿ ಇದೆ ಅಂತ ಮಕ್ಕಳು ನಲ್ಲಿಗೆ ಬಾಯಿ ಇಡೋದನ್ನ ಬಿಡ್ತಾರಾ? ಅಡುಗೆಗೆ, ಪಾತ್ರೆಗೆ, ಬಾಯಿ ಮುಕ್ಕಳಿಸೋಕೆ ಬಳಸೋದು ಸಿಂಟೆಕ್ಸ್ ಟ್ಯಾಂಕಿನ ನೀರನ್ನೇ.

ಇನ್ನು ಕೆಲವರು ‘ಫಿಲ್ಟರ್ ನೀರು’ ತರಿಸಿ ಅಂತಾರೆ. ನಮ್ಮ ಊರುಗಳಲ್ಲಿ ಕಾಯಿನ್ ಹಾಕಿ 20 ಲೀಟರ್ ಕ್ಯಾನ್ ತುಂಬಿಕೊಳ್ಳೋ ಶುದ್ಧ ನೀರಿನ ಘಟಕಗಳು ಬಂದ ಮೇಲೆ, ಫಿಲ್ಟರ್ ನೀರು ಅಂದರೆ ಸಾಕ್ಷಾತ್ ಗಂಗೆ ಅನ್ನೋ ನಂಬಿಕೆ ಬಂದಿದೆ. ಈ ಘಟಕಗಳು ಬಂದದ್ದಕ್ಕೆ ಒಳ್ಳೆಯ ಕಾರಣ ಇದೆ. ಹಾವೇರಿ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿರೋ ಜಾಗಗಳಿವೆ, ಆರ್‌ಓ ಯಂತ್ರ ಅದನ್ನ ತೆಗೆಯುತ್ತೆ. ಆದರೆ ಅದರಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿರೋದಿಲ್ಲ. ಆರ್‌ಓ ಒಳಗಿನ ಪೊರೆಗೆ ಕ್ಲೋರಿನ್ ಆಗಿಬರೋದಿಲ್ಲ, ಹಾಳಾಗುತ್ತೆ. ಅದಕ್ಕೇ ಪೊರೆಗಿಂತ ಮೊದಲು ಇದ್ದಿಲಿನ ಫಿಲ್ಟರ್ ಇಟ್ಟು ಕ್ಲೋರಿನ್ ತೆಗೆದುಬಿಡ್ತಾರೆ. ಹಾಗಾಗಿ ಯಂತ್ರದಿಂದ ಹೊರಬರೋ ನೀರು ಶುದ್ಧ ನಿಜ, ಆದರೆ ಅದಕ್ಕೆ ಕಾವಲುಗಾರ ಇಲ್ಲ. ಕ್ಯಾನ್ ಒಳಗಡೆ ಪಾಚಿ ಇದ್ದರೆ, ಯಾರೋ ಚರಗಿ ಅದ್ದಿದರೆ, ಆ ಚರಗಿ ಹಿಡಿದ ಕೈ ಕೊಳೆಯಾಗಿದ್ದರೆ, ಆ ಶುದ್ಧ ನೀರು ಮತ್ತೆ ಕೆಡುತ್ತೆ. ಕ್ಲೋರಿನ್ ಉಳಿದಿರೋ ನೀರಿನಲ್ಲಾದರೆ ಆ ಕೈಯಿಂದ ಬಂದ ರೋಗಾಣುಗಳನ್ನ ಕೊಲ್ಲೋಕೆ ಒಳಗೆ ಏನೋ ಒಂದು ಕಾಯ್ತಾ ಇರುತ್ತೆ.

ಇದೇ ನನ್ನ ವಾದದ ತಿರುಳು. ನೀರು ಬಂದ ಜಾಗದಲ್ಲಿ ಚೆನ್ನಾಗಿತ್ತಾ ಅನ್ನೋದು ಅರ್ಧ ಪ್ರಶ್ನೆ. ಕುಡಿಯೋರ ಲೋಟದಲ್ಲಿ ಚೆನ್ನಾಗಿದೆಯಾ ಅನ್ನೋದು ಪೂರ್ತಿ ಪ್ರಶ್ನೆ. ನಾವು ಸಾಫ್ಟ್‌ವೇರಿನವರು ಸರ್ವರ್ ನೆಟ್ಟಗಿದೆ ಅಂದರೆ ಸಾಲದು, ಬಳಸೋರ ಪರದೆಯಲ್ಲಿ ಏನು ಕಾಣುತ್ತೆ ನೋಡು ಅಂತ ಹೇಳಿಸಿಕೊಳ್ತಾನೇ ಇರ್ತೀವಿ. ನೀರಿಗೂ ಅದೇ ಮಾತು.

ಇದು ಬರೀ ತರ್ಕ ಅಲ್ಲ. 1993ರಲ್ಲಿ ಆಫ್ರಿಕಾದ ಮಲಾವಿ ದೇಶದಲ್ಲಿ, ಮೊಜಾಂಬಿಕ್‌ನಿಂದ ಬಂದ ನಿರಾಶ್ರಿತರಿದ್ದ ನ್ಯಾಮಿತುತು ಅನ್ನೋ ಶಿಬಿರದಲ್ಲಿ ಇದನ್ನ ಪರೀಕ್ಷೆ ಮಾಡಿ ನೋಡಿದರು. ಬಾವಿಯಿಂದ ಬರುವಾಗ ನೀರು ಬಹುತೇಕ ಚೊಕ್ಕಟವೇ ಇತ್ತು. ಜನ ಬಕೆಟಿಗೆ ತುಂಬಿಕೊಂಡ ಸ್ವಲ್ಪ ಹೊತ್ತಿಗೇ ಕೆಟ್ಟಿತು, ಮುಖ್ಯವಾಗಿ ಕೈ ತಾಗಿ. ಆಮೇಲೆ ಕೆಲವು ಮನೆಗಳಿಗೆ ಮುಚ್ಚಳ, ಸಣ್ಣ ಬಾಯಿ, ನೀರು ಸುರಿಯೋ ಮೂತಿ ಇರೋ 20 ಲೀಟರ್ ಬಕೆಟ್ ಕೊಟ್ಟರು. ಅಷ್ಟೇ, ಬೇರೆ ಯಂತ್ರ ಇಲ್ಲ. ಆ ಮನೆಗಳ ನೀರಿನಲ್ಲಿ ಮಲದಿಂದ ಬರೋ ಬ್ಯಾಕ್ಟೀರಿಯಾ ಶೇಕಡಾ 69ರಷ್ಟು ಕಡಿಮೆಯಾಯ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಭೇದಿ ಶೇಕಡಾ 31ರಷ್ಟು ಕಡಿಮೆ ಕಂಡಿತು. ಸಣ್ಣ ಅಧ್ಯಯನವೇ ಇರಬಹುದು, ಆದರೆ ಒಂದು ಬಕೆಟ್ಟಿನಿಂದ ಇಷ್ಟಾದರೆ ಸಾಕಲ್ಲವೇ?

ಈಗ ನಮ್ಮ ಮೂರು ತಾಲೂಕುಗಳಿಗೆ ಬರೋಣ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ನಕಾಶೆಯಲ್ಲಿ ಪಕ್ಕಪಕ್ಕ ಇದ್ದರೂ ನೀರಿನ ವಿಷಯದಲ್ಲಿ ಒಂದೇ ಅಲ್ಲ. ಹಾವೇರಿ ತಾಲೂಕಿನಲ್ಲಿ ವರದೆ ಹರಿದು ಗಳಗನಾಥದಲ್ಲಿ ತುಂಗಭದ್ರೆಯನ್ನ ಸೇರುತ್ತೆ. ರಾಣೆಬೆನ್ನೂರಿಗೆ ತುಂಗಭದ್ರೆ, ಕುಮುದ್ವತಿ ಎರಡೂ ಇವೆ. ಹೊಳೆ ದಂಡೆಯ ಈ ಊರುಗಳಲ್ಲಿ ನೆರೆ ಬಂದಾಗ ಸಿಗೋದು ಕೆಂಪು ಬಗ್ಗಡದ ನೀರು. ಬಗ್ಗಡದಲ್ಲಿರೋ ಮಣ್ಣು, ಕಸ ಕ್ಲೋರಿನ್ನನ್ನ ತಾನೇ ತಿಂದುಬಿಡುತ್ತೆ, ರೋಗಾಣುವಿಗೆ ಉಳಿಯೋದೇ ಇಲ್ಲ. ಹಾಗಾಗಿ ಮೊದಲು ಪಟಕ ಹಾಕಿ ತಿಳಿಯಾಗಿಸಿ, ಆಮೇಲೆ ಬ್ಲೀಚಿಂಗ್ ಪೌಡರ್ ಹಾಕಬೇಕು. ಇನ್ನು ಬ್ಯಾಡಗಿಯಂತಹ ಕಡೆ ಹೊಳೆಯ ಭಯಕ್ಕಿಂತ ಬಿಡದೆ ಸುರಿಯೋ ಮಳೆಗೆ ಮಣ್ಣಿನ ಗೋಡೆ ಕುಸಿಯೋ ಭಯ. ಅಲ್ಲಿ ಜನ ನೆಚ್ಚಿಕೊಂಡಿರೋದು ಬೋರ್‌ವೆಲ್ ನೀರನ್ನ. ಅದು ನೋಡೋಕೆ ಕನ್ನಡಿಯ ಹಾಗೆ ತಿಳಿ ಇರುತ್ತೆ. ತಿಳಿ ಇದೆ ಅಂತ ಸುರಕ್ಷಿತ ಅಲ್ಲ. ಬೋರಿನ ಬಾಯಿ ಮಳೆನೀರಿನಲ್ಲಿ ಮುಳುಗಿದ್ದರೆ ಅದರೊಳಗೆ ಏನೇನು ಇಳಿದಿದೆಯೋ ಕಣ್ಣಿಗೆ ಕಾಣೋದಿಲ್ಲ.

ಹಾಗಾದರೆ ಕ್ಲೋರಿನ್ ಎಷ್ಟಿರಬೇಕು? ಭಾರತೀಯ ಮಾನಕ 10500ರ ಪ್ರಕಾರ ಕುಡಿಯೋ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇ-ಕೋಲಿ ಸಿಗಬಾರದು. ವಿಪತ್ತಿನ ಶಿಬಿರಗಳಿಗೆ ಜಗತ್ತಿನ ಸಂಸ್ಥೆಗಳೆಲ್ಲ ಸೇರಿ ಮಾಡಿಕೊಂಡಿರೋ ಸ್ಫಿಯರ್ ಮಾನದಂಡ, ನೀರು ಕೊಡೋ ಜಾಗದಲ್ಲಿ 0.2ರಿಂದ 0.5 ಇರಲಿ ಅನ್ನುತ್ತೆ. ಅದೇ ಸ್ಫಿಯರ್ ಒಂದು ನಲ್ಲಿಗೆ 250ಕ್ಕಿಂತ ಹೆಚ್ಚು ಜನ ಬೇಡ, ಸರದಿಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕಾಯೋ ಹಾಗಿರಬಾರದು ಅಂತಲೂ ಹೇಳುತ್ತೆ.

ಇದಕ್ಕೆ ಖರ್ಚು ಎಷ್ಟು ಗೊತ್ತಾ? ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು ಮೂರನೇ ಒಂದು ಭಾಗ ಕ್ಲೋರಿನ್ ಇರುತ್ತೆ. ತಿಳಿ ನೀರಾದರೆ 1,000 ಲೀಟರ್ ಸಿಂಟೆಕ್ಸಿಗೆ 2.5 ಗ್ರಾಂ ಪುಡಿ, ಅಂದರೆ ಒಂದು ಚಹಾ ಚಮಚಕ್ಕೂ ಕಡಿಮೆ. ಒಂದು ರೂಪಾಯಿಯೂ ಆಗೋದಿಲ್ಲ! ಪುಡಿಯನ್ನ ನೇರ ಟ್ಯಾಂಕಿಗೆ ಸುರಿಯಬಾರದು. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಇನ್ನಷ್ಟು ನೀರು ಬೆರೆಸಿ, ಸುಣ್ಣ ತಳಕ್ಕೆ ಇಳಿಯೋವರೆಗೆ ಬಿಟ್ಟು, ಮೇಲಿನ ತಿಳಿಯನ್ನ ಮಾತ್ರ ಟ್ಯಾಂಕಿಗೆ ಹಾಕಬೇಕು. ಅರ್ಧ ಗಂಟೆ ಕಾಯಬೇಕು. ಆಮೇಲೆ ಅಳೆಯಬೇಕು.

ಈ ಕೊನೆಯ ಮಾತೇ ಮುಖ್ಯ, ಬಿಟ್ಟುಹೋಗೋದೂ ಇದೇ. 2.5 ಗ್ರಾಂ ಅನ್ನೋದು ಪುಸ್ತಕದ ಲೆಕ್ಕ. ಚೀಲ ಬಿಚ್ಚಿ ಆರು ತಿಂಗಳು ಗೋಡೌನಿನಲ್ಲಿ ತೇವಕ್ಕೆ ಬಿದ್ದಿದ್ದ ಪುಡಿಯಲ್ಲಿ ಕ್ಲೋರಿನ್ ಆರಿಹೋಗಿರುತ್ತೆ, ಉಳಿಯೋದು ಸುಣ್ಣ. ನೀರು ಬಗ್ಗಡ ಇದ್ದರೆ ಹೆಚ್ಚು ಪುಡಿ ಬೇಕು. ಎಷ್ಟು ಹೆಚ್ಚು? ಅಳೆಯದೆ ಯಾರಿಗೂ ಗೊತ್ತಾಗೋದಿಲ್ಲ. “ಪೌಡರ್ ಹಾಕೀವ್ರಿ” ಅನ್ನೋದು ಉತ್ತರ ಅಲ್ಲ. ಸಣ್ಣ ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಮಾತ್ರೆಯೋ ಹನಿಯೋ ಹಾಕಿ, ಬಣ್ಣ ಬಂತಾ ಅಂತ ನೋಡಿ, ಪಕ್ಕದಲ್ಲಿರೋ ಬಣ್ಣದ ಪಟ್ಟಿಗೆ ಹೋಲಿಸೋದು ಉತ್ತರ. ಅದಕ್ಕೆ ಎರಡು ನಿಮಿಷ ಸಾಕು, ಓದು ಬರಹ ಇದ್ದರೆ ಸಾಕು.

ಯಾರು ಅಳೆಯಬೇಕು? ಇಲ್ಲಿ ನನ್ನದೊಂದು ಸಲಹೆ ಇದೆ. 2019ರ ಆಗಸ್ಟ್ 15ರಂದು, ನಮ್ಮ ಹೊಳೆಗಳು ಇನ್ನೂ ಪೂರ್ತಿ ಇಳಿಯದೆ ಇದ್ದ ಅದೇ ವಾರ, ಕೇಂದ್ರ ಸರ್ಕಾರ ಜಲ ಜೀವನ್ ಮಿಷನ್ ಪ್ರಕಟಿಸಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ‘ಮನೆ ಮನೆಗೆ ಗಂಗೆ’ ಅಂತ ಹೆಸರು. ಪ್ರತಿ ಊರಿನಲ್ಲಿ ಐದು ಜನ ಹೆಣ್ಣುಮಕ್ಕಳಿಗೆ ನೀರಿನ ಪರೀಕ್ಷೆಯ ಕಿಟ್ ಬಳಸೋಕೆ ತರಬೇತಿ ಕೊಡಬೇಕು ಅಂತ ಅದರಲ್ಲಿದೆ. ಈಗ ಯೋಚನೆ ಮಾಡಿ: ಊರಿಗೆ ಊರೇ ಶಾಲೆಗೆ ಬಂದಾಗ ಆ ಐದು ಜನವೂ ಜೊತೆಯಲ್ಲೇ ಬಂದಿರ್ತಾರೆ! ಅಧಿಕಾರಿಗಳು, ವಾಟರ್‌ಮನ್, ಆಶಾ ಕಾರ್ಯಕರ್ತೆಯರು ನೂರು ಕೆಲಸದ ನಡುವೆ ಓಡಾಡ್ತಿರ್ತಾರೆ. ಈ ಐವರು ಅಲ್ಲೇ ಇರ್ತಾರೆ, ಅದೇ ನೀರು ಕುಡೀತಾರೆ, ಅವರ ಮಕ್ಕಳೂ ಅದನ್ನೇ ಕುಡೀತಾರೆ. ಅವರ ಕೈಗೆ ಕಿಟ್ ಕೊಟ್ಟು, ದಿನಗೂಲಿಯನ್ನೂ ಕೊಟ್ಟು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಅಳೆಯೋಕೆ ಹೇಳಿ. ಟ್ಯಾಂಕಿನಲ್ಲಿ ಒಂದು ಅಳತೆ, ಯಾವುದಾದರೂ ಎರಡು ಕುಟುಂಬದ ಕೊಡದಲ್ಲಿ ಎರಡು ಅಳತೆ. ಶಾಲೆಯಲ್ಲಿ ಕರಿಹಲಗೆ ಇದ್ದೇ ಇರುತ್ತಲ್ಲ, ಅದರ ಮೇಲೆ ಬರೆಯೋದು. ತಹಶೀಲ್ದಾರರು ಬಂದಾಗ ಮೊದಲು ಆ ಹಲಗೆ ನೋಡಲಿ. ಸೊನ್ನೆ ಅಂತ ಬರೆದಿದ್ದರೆ ಅವತ್ತು ಫೋಟೋ ಬೇಡ, ಪೌಡರ್ ತರಿಸಲಿ.

ಇದರಿಂದ ಇನ್ನೊಂದು ಲಾಭ ಇದೆ. ನಮ್ಮ ಜನಕ್ಕೆ ಕ್ಲೋರಿನ್ ವಾಸನೆ ಅಂದರೆ ಆಗೋದಿಲ್ಲ. “ನೀರಿಗೆ ಔಷಧಿ ಹಾಕ್ಯಾರ, ವಾಸನಿ ಬರತೈತಿ” ಅಂತ ಚೆಲ್ಲಿ, ಮಳೆಗೆ ಕಲುಷಿತವಾದ ಬಾವಿಯ ‘ಸಿಹಿನೀರು’ ಹುಡುಕಿಕೊಂಡು ಹೋಗೋರಿದ್ದಾರೆ. ಹೊರಗಿನಿಂದ ಬಂದ ಸಾಹೇಬರು ಭಾಷಣ ಮಾಡಿದರೆ ಇದು ಬದಲಾಗೋದಿಲ್ಲ. “ಯವ್ವಾ, ಆ ವಾಸನಿ ಇದ್ರನ ಛಲೋ, ಹುಡುಗ್ರಿಗೆ ವಾಂತಿಭೇದಿ ಆಗಂಗಿಲ್ಲ” ಅಂತ ಓಣಿಯ ಅಕ್ಕನೇ ಹೇಳಿದರೆ ಬದಲಾದೀತು.

ಹಾಗೇ ಬಕೆಟ್ಟಿನ ವಿಷಯ. ಪರಿಹಾರದ ಕಿಟ್‌ನಲ್ಲಿ ಚಾದರ, ಸೀರೆ, ಅಕ್ಕಿ, ಬೇಳೆ ಕೊಡ್ತೀವಲ್ಲ, ಅದರ ಜೊತೆ ಮುಚ್ಚಳ ಮತ್ತು ನಲ್ಲಿ ಇರೋ ಒಂದು 20 ಲೀಟರ್ ಡಬ್ಬ ಇಡಿ. ದಾನಿಗಳಿಗೆ ನನ್ನ ವಿನಂತಿ ಇಷ್ಟೇ: ಹತ್ತನೇ ಲೋಡ್ ಹಳೇ ಬಟ್ಟೆ ಕಳಿಸೋ ಬದಲು ಇಂಥ ಡಬ್ಬ ಮತ್ತು ಸೋಪು ಕಳಿಸಿ.

ಕೇಂದ್ರ ಮುಚ್ಚಿದ ಮೇಲೆ ಏನು? ಅಲ್ಲಿಗೂ ಮುಗಿಯೋದಿಲ್ಲ. ಮನೆ ಪೂರ್ತಿ ಬಿದ್ದವರು ತಿಂಗಳುಗಟ್ಟಲೆ ಶೆಡ್ಡಿನಲ್ಲಿರ್ತಾರೆ, ಕೆಲವು ಊರುಗಳಿಗೆ ಹೊಸ ಜಾಗವೇ ಸಿಗುತ್ತೆ. ಎರಡು ವಾರದ ಶಿಬಿರದಲ್ಲಿ ಶತ್ರು ರೋಗಾಣು. ಅದು ಗಂಟೆಗಳಲ್ಲಿ ಕೊಲ್ಲಬಲ್ಲದು. ಫ್ಲೋರೈಡ್ ವರ್ಷಗಳ ಲೆಕ್ಕದಲ್ಲಿ ಹಲ್ಲು, ಮೂಳೆ ತಿನ್ನುತ್ತೆ. ಆದ್ದರಿಂದ ಶಿಬಿರದಲ್ಲಿ ಮೊದಲು ಕ್ಲೋರಿನ್ ನೋಡಿ, ಫ್ಲೋರೈಡ್ ಚಿಂತೆ ಆಮೇಲೆ. ಆದರೆ ಹೊಸ ಜಾಗದಲ್ಲಿ ಜನ ಬದುಕು ಕಟ್ಟಬೇಕು ಅಂದಾಗ ಈ ಕ್ರಮ ಉಲ್ಟಾ ಆಗುತ್ತೆ. ಅಲ್ಲಿ ಬೋರ್ ಕೊರೆಸಿ, ನೀರನ್ನ ಪ್ರಯೋಗಾಲಯಕ್ಕೆ ಕಳಿಸಿ, ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ ಮಿತಿಯೊಳಗಿದೆ ಅಂತ ಖಾತ್ರಿಯಾದ ಮೇಲೆ ಪಾಯ ಹಾಕಬೇಕು. ಫ್ಲೋರೈಡ್ ಕಾಯಿಸಿದರೂ ಹೋಗೋದಿಲ್ಲ, ಬ್ಲೀಚಿಂಗ್ ಪೌಡರಿಗೂ ಹೋಗೋದಿಲ್ಲ. 2009ರ ನೆರೆಯ ನಂತರ ‘ಆಸರೆ’ ಯೋಜನೆಯಲ್ಲಿ ದಾನಿಗಳು ಸಾವಿರಾರು ಮನೆ ಕಟ್ಟಿಸಿಕೊಟ್ಟರು. ಹಲವು ನವಗ್ರಾಮಗಳಲ್ಲಿ ಮನೆ ಇದ್ದರೂ ಜನ ಹೋಗಿ ಇರಲಿಲ್ಲ. ಅದಕ್ಕೆ ಕಾರಣ ಹಲವು, ನೀರಿಲ್ಲ ಅನ್ನೋದು ಅವುಗಳಲ್ಲೊಂದು. ಗೋಡೆ, ಸೂರು ಕಣ್ಣಿಗೆ ಕಾಣುತ್ತೆ, ಉದ್ಘಾಟನೆಗೆ ಬರುತ್ತೆ. ನೀರಿನ ವರದಿಗೆ ಯಾರೂ ರಿಬ್ಬನ್ ಕತ್ತರಿಸೋದಿಲ್ಲ ನೋಡಿ!

“ಇಷ್ಟು ದಿನ ಏನೂ ಆಗಿಲ್ಲವಲ್ಲ, ಸುಮ್ಮನೆ ಯಾಕೆ ಹೆದರಿಸ್ತೀರಿ” ಅಂತ ಕೇಳೋರಿರ್ತಾರೆ. 2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದು ಜನ ಸತ್ತರು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಸತ್ತರು. ಅವು ನೆರೆ ಬಂದ ಊರುಗಳಲ್ಲ, ಶಿಬಿರಗಳಲ್ಲ. ಪೈಪು, ಟ್ಯಾಂಕು, ಸಿಬ್ಬಂದಿ ಎಲ್ಲ ಇದ್ದ ಜಾಗಗಳು. ಅಲ್ಲೇ ಹಾಗಾದರೆ, ಹತ್ತು ಶೌಚಾಲಯ ಬೇಕಾದಲ್ಲಿ ಎರಡು ಇರೋ ಶಾಲೆಯಲ್ಲಿ ಏನೂ ಆಗದೆ ಇದ್ದರೆ ಅದು ನಮ್ಮ ಅದೃಷ್ಟ. ಅದನ್ನ ವ್ಯವಸ್ಥೆ ಅನ್ನೋಕಾಗಲ್ಲ.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನಗಾಂವ್‌ನಲ್ಲಿ ಕಾಲರಾದಿಂದ ಸಾಯ್ತಿದ್ದಾಗ ಡಾಕ್ಟರ್ ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ನೀರು ಕುಡಿಸಿ ಸಾವಿರಾರು ಜೀವ ಉಳಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ದೊಡ್ಡ ಆಸ್ಪತ್ರೆ, ದೊಡ್ಡ ಯಂತ್ರ ಇಲ್ಲದೆಯೂ ಶಿಬಿರದಲ್ಲಿ ಜೀವ ಉಳಿಸಬಹುದು ಅಂತ ನಮ್ಮ ದೇಶದ ಡಾಕ್ಟರೇ ತೋರಿಸಿಕೊಟ್ಟದ್ದು. ಆ ಓಆರ್‌ಎಸ್ ಕಾಯಿಲೆ ಬಂದ ಮೇಲಿನ ಮಾತು. ಬರದ ಹಾಗೆ ಮಾಡೋಕೆ ಒಂದು ಚಮಚ ಪೌಡರ್, ಒಂದು ಮುಚ್ಚಳದ ಡಬ್ಬ, ಒಂದು ಬಣ್ಣದ ಪಟ್ಟಿ ಸಾಕು.

ಪ್ರತಿ ವರ್ಷ ಮುಂಗಾರಿಗೆ ಮೊದಲು ತಾಲೂಕು ಕಚೇರಿಯಲ್ಲಿ ಸಭೆ ನಡೆಯುತ್ತೆ. ಯಾವ ಶಾಲೆಯಲ್ಲಿ ಕೇಂದ್ರ, ಎಷ್ಟು ದೋಣಿ, ಯಾರು ಅಡುಗೆ ಅಂತ ಪಟ್ಟಿ ಆಗುತ್ತೆ. ಆ ಪಟ್ಟಿಗೆ ಒಂದು ಸಾಲು ಸೇರಲಿ: ಹೊಸ ಬ್ಲೀಚಿಂಗ್ ಪೌಡರ್ ಎಷ್ಟು ಕಿಲೋ, ಅವಧಿ ಮುಗಿಯದ ಕಿಟ್ ಎಷ್ಟು, ಅಳೆಯೋ ಐವರ ಹೆಸರೇನು. ನೀವು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯವರಾದರೆ ನಿಮ್ಮ ಗ್ರಾಮ ಪಂಚಾಯ್ತಿಯ ಪಿಡಿಓ ಅವರನ್ನ ಈ ಮಳೆಗಾಲಕ್ಕೆ ಮೊದಲೇ ಕೇಳಿ: ನಮ್ಮೂರಿನ ಆ ಐದು ಜನ ಯಾರು, ಅವರ ಕಿಟ್ ಎಲ್ಲಿದೆ ಅಂತ. ಉತ್ತರ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ, ಹೊಳೆ ಬರೋಕೆ ಇನ್ನೂ ಟೈಮಿದೆ, ಮತ್ತೊಮ್ಮೆ ಕೇಳಿ.

ಏನಂತೀರಿ?